ಗಾಡಿ ನಿಂತ ಮರುದಿನ

ಚಿ. ಸಿಂಧುಗೆ ನಿನ್ನ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಮನವಿಯ ಕರಡು ಓದಿದೆ. ನಗರಗಳಲ್ಲಿ ಕುದುರೆಗಾಡಿ ಸವಾರಿ ನಿಲ್ಲಬೇಕು ಅನ್ನುವ ವಿಷಯದಲ್ಲಿ ನಾನು ನಿನ್ನ ಕಡೆಯವನೇ. ಇಷ್ಟು ವರ್ಷ ಪಶುವೈದ್ಯನಾಗಿದ್ದವನಿಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಕರಡಿನ ಬಗ್ಗೆ ಹೇಳುವುದು ಬಹಳ ಇದೆ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನೀನು ಬಾಯಿ ಹಾಕುತ್ತೀಯ. ಅದಕ್ಕೇ ಈ ಕಾಗದ.

ಮೊದಲು ಆ ಫೋಟೋ ತೆಗೆದುಬಿಡು. ಕುದುರೆ ಒಂದು ಹಿಂಗಾಲು ಸಡಿಲ ಬಿಟ್ಟು, ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿದೆ. ಕೆಳಗೆ ನೀನು ‘ಕಾಲು ಊರಲಾಗದ ಕುದುರೆಯನ್ನೂ ದುಡಿಸುತ್ತಿದ್ದಾರೆ’ ಅಂತ ಬರೆದಿದ್ದೀಯ. ಅದು ನೋವಲ್ಲ ಕಣೇ, ಅದು ಸುಧಾರಿಸಿಕೊಳ್ಳುತ್ತಿದೆ. ನಿಂತಲ್ಲೇ ನಿಲ್ಲುವ ಕುದುರೆ ಹಿಂಗಾಲುಗಳಿಗೆ ಹೀಗೆ ಸರದಿಯ ಮೇಲೆ ಬಿಡುವು ಕೊಡುತ್ತದೆ. ಮುಂಗಾಲನ್ನು ಮುಂದಕ್ಕೆ ಚಾಚಿ, ಅದರ ಮೇಲೆ ಭಾರ ಬಿಡದೆ ನಿಂತಿದ್ದರೆ ಆಗ ಗಾಬರಿಯಾಗು. ಕುದುರೆ ಸಾಕಿದವನು ಯಾರೇ ಆಗಲಿ, ಈ ಫೋಟೋ ನೋಡಿ ನಗುತ್ತಾನೆ. ಆಮೇಲೆ ನೀನು ಹೇಳುವ ನಿಜವನ್ನೂ ಅವನು ನಂಬುವುದಿಲ್ಲ.

ನಿಜವಾದ ಸಾಕ್ಷಿ ಬೇಕಾದರೆ ರಸ್ತೆ ಬದಿ ನಿಂತು ಕಣ್ಣು ಮುಚ್ಚಿ ಕೇಳು. ಕುದುರೆ ದುಲ್ಕಿ, ಅಂದರೆ ಸಣ್ಣ ಓಟ, ಓಡುವಾಗ ಲಾಳದ ಸದ್ದು ಟಕ್ ಟಕ್ ಅಂತ ಸಮವಾಗಿ ಬರಬೇಕು. ಒಂದು ಹೆಜ್ಜೆ ಜೋರು, ಇನ್ನೊಂದು ಮೆತ್ತಗೆ ಕೇಳಿದರೆ ಕಣ್ಣು ಬಿಟ್ಟು ತಲೆ ನೋಡು. ನೋವಿರುವ ಮುಂಗಾಲು ನೆಲಕ್ಕೆ ಬೀಳುವಾಗ ಅದು ತಲೆ ಮೇಲಕ್ಕೆತ್ತುತ್ತದೆ. ಒಳ್ಳೆಯ ಕಾಲಿನ ಮೇಲೆ ಬಂದಾಗ ತಲೆ ತಗ್ಗಿಸುತ್ತದೆ. ಇದನ್ನು ವಿಡಿಯೋ ಮಾಡಿದರೆ ಯಾವ ಪಶುವೈದ್ಯನೂ ಅಲ್ಲಗಳೆಯಲಾರ. ಇನ್ನೊಂದು, ಹೆಗಲಿನ ಮೇಲೂ ಪಟ್ಟಿ ಉಜ್ಜುವ ಕಡೆಯೂ ಗಮನಿಸು. ಕಂದು ಮೈಯಲ್ಲಿ ಅಲ್ಲಲ್ಲಿ ಬಿಳಿ ಕೂದಲಿನ ಮಚ್ಚೆ ಕಂಡರೆ ಅದು ಹೆಚ್ಚಿನ ಪಾಲು ಹಳೇ ಗಾಯ ಮಾಗಿದ ಗುರುತು. ಉಸಿರನ್ನೂ ಎಣಿಸು. ಆರಾಮಾಗಿರುವ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ನೆರಳಲ್ಲಿ ಬಹಳ ಹೊತ್ತು ನಿಂತ ಮೇಲೂ ಪಕ್ಕೆ ಜೋರಾಗಿ ಏರಿಳಿಯುತ್ತಿದ್ದರೆ ಅದಕ್ಕೆ ಸೆಕೆ ತಡೆಯಲು ಆಗುತ್ತಿಲ್ಲ ಅಂತ ಅರ್ಥ.

ಈಗ ವಾದಕ್ಕೆ ಬರೋಣ. ‘ಗಾಡಿ ಎಳೆಯುವುದೇ ಹಿಂಸೆ’ ಅಂತ ಶುರು ಮಾಡಬೇಡ. ಸಮತಟ್ಟಾದ ರಸ್ತೆಯಲ್ಲಿ ಉರುಳುವ ಚಕ್ರ ಗಟ್ಟಿಮುಟ್ಟಾದ ಕುದುರೆಗೆ ಅಂಥ ಭಾರವೇನಲ್ಲ. ಗಾಡಿಯವರು ಹೇಳುವುದೂ ಅದನ್ನೇ, ಒಪ್ಪಿಕೊಂಡುಬಿಡು. ತೊಂದರೆ ಇರುವುದು ನಗರದಲ್ಲಿ. ಕುದುರೆ ಬೇಟೆಗೆ ಸಿಗದಂತೆ ಓಡಿ ಬದುಕಿದ ಜಾತಿ. ಎರಡು ಕಣ್ಣೂ ಪಕ್ಕಕ್ಕಿವೆ, ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಹೆದರಿದರೆ ಅದಕ್ಕೆ ಗೊತ್ತಿರುವ ಮೊದಲ ದಾರಿ ಓಡುವುದು. ಕಣ್ಣುಪಟ್ಟಿ ಕಟ್ಟಿದರೆ ಹಿಂದಿನದು ಕಾಣಿಸದು ನಿಜ, ಆದರೆ ಕಿವಿಗೆ ಏನು ಕಟ್ಟುತ್ತಾರೆ? ಪಕ್ಕದಲ್ಲೇ ಬಸ್ಸು ಉಸ್ ಅಂತ ಗಾಳಿ ಬಿಟ್ಟರೆ ಸಾಕು, ಗಾಡಿ, ಜನ, ಎಲ್ಲ ಸಮೇತ ಓಡುತ್ತದೆ. ಯಜಮಾನ ದೇವರಂಥವನಾದರೂ ಆ ಕ್ಷಣಕ್ಕೆ ಲಗಾಮು ಬರೀ ಒಂದು ಹಗ್ಗ.

ಹೊಟ್ಟೆಯ ವಿಷಯವನ್ನು ಯಾರೂ ಬರೆಯುವುದೇ ಇಲ್ಲ. ಅಷ್ಟು ದೊಡ್ಡ ಪ್ರಾಣಿಗೆ ಜಠರ ಮಾತ್ರ ಚಿಕ್ಕದು. ದಿನದ ಬಹುಪಾಲು ಸ್ವಲ್ಪ ಸ್ವಲ್ಪವೇ ಮೇಯುತ್ತಾ ಇರಬೇಕು. ಗಂಟೆಗಟ್ಟಲೆ ಖಾಲಿ ಹೊಟ್ಟೆಯಲ್ಲಿ ನಿಲ್ಲಿಸಿ ಆಮೇಲೆ ಒಮ್ಮೆಗೇ ತಿನ್ನಿಸಿದರೆ ಹೊಟ್ಟೆಶೂಲೆಗೆ ದಾರಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಆದ್ದರಿಂದ ಶೂಲೆ ಪ್ರಾಣವನ್ನೇ ತೆಗೆಯಬಹುದು. ನಿಂತೇ ತೂಕಡಿಸುತ್ತದೆ, ಹೌದು. ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು. ಹೊರಳಾಡಿ ಮಲಗಲು ಜಾಗವಿರುವ ಲಾಯ ನಗರದ ನಡುವೆ ಎಷ್ಟು ಕಡೆ ಇರುತ್ತದೆ ಅಂತ ಕೇಳು. ನೀನು ಬರೆದ ‘ಮೂಕಪ್ರಾಣಿಯ ಕಣ್ಣೀರು’ ಪ್ಯಾರಾ ತೆಗೆದು ಇದನ್ನು ಹಾಕು.

ನಿಯಮ ಬಿಗಿ ಮಾಡಿದರೆ ಸಾಕಲ್ವಾ ಅಂತ ಅವರು ಕೇಳಿಯೇ ಕೇಳುತ್ತಾರೆ. ನಿಯಮಗಳು ಈಗಲೂ ಇವೆ. ಭಾರತದಲ್ಲಿ ಎಳೆಯುವ, ಹೊರುವ ಪ್ರಾಣಿಗಳಿಗೆ 1965ರಿಂದಲೇ ಇವೆ. ದಿನಕ್ಕೆ 9 ಗಂಟೆಗಿಂತ ಜಾಸ್ತಿ ದುಡಿಸಬಾರದು, ಬಿಡುವಿಲ್ಲದೆ 5 ಗಂಟೆ ಮೀರಬಾರದು, ಬಿಸಿಲು 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸಕ್ಕೆ ಹಚ್ಚಬಾರದು. ನ್ಯೂಯಾರ್ಕ್‌ನಲ್ಲೂ 9 ಗಂಟೆಯೇ, ಆದರೆ ಅಲ್ಲಿ 90 ಡಿಗ್ರಿ ಫ್ಯಾರನ್‌ಹೀಟ್‌ಗೇ, ಅಂದರೆ ಸುಮಾರು 32 ಸೆಲ್ಸಿಯಸ್‌ಗೇ, ಕೆಲಸ ನಿಲ್ಲಬೇಕು. ವರ್ಷಕ್ಕೆ ಐದು ವಾರ ರಜೆಯೂ ಉಂಟು. ಕುದುರೆಯ ಮೈ ಎರಡೂ ಕಡೆ ಒಂದೇ, ಮಿತಿಯಲ್ಲಿ ಮಾತ್ರ 5 ಡಿಗ್ರಿ ವ್ಯತ್ಯಾಸ! ಜೊತೆಗೆ ಈ ಲೆಕ್ಕವೆಲ್ಲ ಗಾಳಿಯ ಬಿಸಿಯದು. ಡಾಂಬರು ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ, ಕುದುರೆ ನಿಂತಿರುವುದು ಅದರ ಮೇಲೆ.

ಅಷ್ಟೆಲ್ಲ ನಿಯಮ ಇದ್ದ ನ್ಯೂಯಾರ್ಕ್‌ನಲ್ಲೇ 2022ರ ಆಗಸ್ಟ್‌ನಲ್ಲಿ ರೈಡರ್ ಅನ್ನುವ ಕುದುರೆ ನಡುರಸ್ತೆಯಲ್ಲಿ ಕುಸಿದುಬಿತ್ತು. ದಾಖಲೆಯಲ್ಲಿ ಅದರ ವಯಸ್ಸು 13. ಪರೀಕ್ಷಿಸಿದ ವೈದ್ಯರ ಪ್ರಕಾರ 26ರ ಆಸುಪಾಸು. ಹಲ್ಲು ನೋಡಿದರೆ ವಯಸ್ಸಾದ ಕುದುರೆ ಯಾವುದು ಅಂತ ಗೊತ್ತಾಗುತ್ತದೆ, ಆದರೆ ನೋಡುವವರು ಬೇಕಲ್ಲ. ಅದರ ಹೆಸರಲ್ಲೇ ನಿಷೇಧದ ಮಸೂದೆ ಬಂತು. 2025ರ ನವೆಂಬರ್‌ನಲ್ಲಿ ನಗರ ಮಂಡಳಿಯ ಸಮಿತಿ ಅದನ್ನು ತಳ್ಳಿಹಾಕಿತು. ಅದಕ್ಕೂ ಮುಂಚೆ ಬಿಲ್ ಡಿ ಬ್ಲಾಸಿಯೊ ಗಾಡಿ ನಿಲ್ಲಿಸುತ್ತೇನೆ ಅಂತ ಮಾತು ಕೊಟ್ಟು 2013ರಲ್ಲಿ ಮೇಯರ್ ಚುನಾವಣೆ ಗೆದ್ದಿದ್ದರು. ಪೂರ್ತಿ ನಿಷೇಧ ಆಗಲಿಲ್ಲ, ಕೊನೆಗೆ ಗಾಡಿಗಳ ಸಂಖ್ಯೆಯನ್ನಾದರೂ ಇಳಿಸುವ ಒಪ್ಪಂದಕ್ಕೆ ಬಂದರು. 2016ರಲ್ಲಿ ಗಾಡಿಯವರ ಯೂನಿಯನ್ ಹಿಂದೆ ಸರಿಯಿತು, ಒಪ್ಪಂದ ಅಲ್ಲಿಗೇ ಮುರಿಯಿತು.

ಸಿಂಧು, ಈ ಕೊನೇ ವಾಕ್ಯವನ್ನು ಇನ್ನೊಮ್ಮೆ ಓದು. ಫೋಟೋ, ಹಣ, ಮೇಯರ್, ಎಲ್ಲ ಒಂದು ಕಡೆ ಇದ್ದರು. ಆದರೂ ಕೆಲಸ ಕೆಟ್ಟಿತು. ನಿನ್ನ ಕರಡಿನಲ್ಲಿ ‘ಕ್ರೂರಿ’ ಅನ್ನುವ ಪದ ಎಷ್ಟು ಸಲ ಬಂದಿದೆ ಅಂತ ನೋಡಿಕೋ. ಗಾಡಿಯವನು ಆಳಾಗಿರಬಹುದು, ಕುದುರೆಯೂ ಗಾಡಿಯೂ ಬೇರೆಯವರದ್ದಿರಬಹುದು. ಬೆಳಿಗ್ಗೆ ಎದ್ದು ಅದರ ಗೊರಸು ಕೆರೆದು, ಮೈ ಉಜ್ಜಿ, ಅದಕ್ಕೆ ಹೊಟ್ಟೆನೋವು ಬಂದ ರಾತ್ರಿ ನಿದ್ದೆಗೆಟ್ಟು ನಡೆಸಾಡಿದವನೂ ಅವನೇ ಆಗಿರಬಹುದು. ಅಂಥವನಿಗೆ ಬೈದರೆ ನಿನಗೆ ಲೈಕು ಸಿಗುತ್ತದೆ, ಕುದುರೆಗೆ ಏನೂ ಸಿಗುವುದಿಲ್ಲ.

ಗೆದ್ದ ಕಡೆಗಳಲ್ಲೂ ಕಲಿಯುವುದಿದೆ. ಮಾಂಟ್ರಿಯಲ್ 2019ರ ಕೊನೆಗೆ ಗಾಡಿ ನಿಲ್ಲಿಸಿತು. ನಿಲ್ಲಿಸುವ ಮುಂಚೆಯೇ, ಕುದುರೆಗಳು ಕಸಾಯಿಖಾನೆ ಸೇರಬಾರದು ಅಂತ, ಆಶ್ರಯಕ್ಕೆ ಬಿಟ್ಟುಕೊಡುವ ಮಾಲೀಕರಿಗೆ ಕುದುರೆಗೆ 1,000 ಕೆನಡಾ ಡಾಲರ್ ಕೊಡುತ್ತೇವೆ ಎಂದಿತು. ಶಿಕಾಗೊ 2021ರ ಜನವರಿ 1ರಿಂದ ನಿಲ್ಲಿಸಿತು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ 2024ರ ಡಿಸೆಂಬರ್‌ನಲ್ಲಿ ತೀರ್ಮಾನ ಮಾಡಿ, 2030ರ ಜನವರಿಯ ಗಡುವು ಇಟ್ಟಿದೆ. ಐದು ವರ್ಷ ಜಾಸ್ತಿ ಆಯಿತು ಅಂತ ನಿನ್ನಂಥವರಿಗೆ ಅನ್ನಿಸುತ್ತದೆ, ನನಗೂ ಅನ್ನಿಸಿತು. ಆದರೆ ಬೇರೆ ಕಸುಬು ಹಿಡಿಯಲು ಒಂದು ಸಂಸಾರಕ್ಕೆ ಸಮಯ ಬೇಕು.

ಮುಂಬೈಯದು ಬೇರೆ ಕತೆ. 2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ವಿಕ್ಟೋರಿಯಾ ಅನ್ನುವ ಕುದುರೆಗಾಡಿಗಳ ಮೋಜಿನ ಸವಾರಿ ಅಕ್ರಮ ಎಂದಿತು. ವರ್ಷದೊಳಗೆ ನಿಲ್ಲಿಸಿ, ಅದನ್ನೇ ನಂಬಿದವರಿಗೆ ಪುನರ್ವಸತಿ ಯೋಜನೆ ಮಾಡಿ ಅಂತ ಸರ್ಕಾರಕ್ಕೆ ಹೇಳಿತು. ಪುನರ್ವಸತಿಯ ಮಾತು ವರ್ಷಗಟ್ಟಲೆ ಎಳೆದಾಡಿತು. ಬ್ಯಾಟರಿಯ ವಿಕ್ಟೋರಿಯಾ ರಸ್ತೆಗಿಳಿದದ್ದು 2021ರಲ್ಲಿ. ತೀರ್ಪಿನಿಂದ ಅಲ್ಲಿಯವರೆಗೆ ಆ ಮನೆಗಳ ಒಲೆ ಹೇಗೆ ಉರಿದಿರಬೇಕು? ದುಡಿಮೆ ನಿಂತವನು ಕುದುರೆಗೆ ಮೇವು ಎಲ್ಲಿಂದ ತರುತ್ತಾನೆ? ಗಾಡಿ ನಿಂತ ಮರುದಿನವೂ ಕುದುರೆಗೆ ಹಸಿವಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಅದು 25, 30 ವರ್ಷ ಬದುಕುವ ಪ್ರಾಣಿ.

ಹಾಗಾಗಿ ಬೇಡಿಕೆಯನ್ನು ತಿರುಗಿಸಿ ಬರೆ. ನಿಷೇಧದ ತಾರೀಕು ಎಷ್ಟು ಸ್ಪಷ್ಟವಾಗಿದೆಯೋ, ಪ್ರತಿ ಕುದುರೆ ಎಲ್ಲಿಗೆ ಹೋಗುತ್ತದೆ, ಅದರ ಖರ್ಚು ಯಾರದ್ದು ಅನ್ನುವುದೂ ಅಷ್ಟೇ ಸ್ಪಷ್ಟವಾಗಿರಲಿ. ಇವತ್ತೇ ಎಲ್ಲಕ್ಕೂ ಮೈಕ್ರೋಚಿಪ್ ಹಾಕಿ ನೋಂದಣಿ ಮಾಡಿ ಅಂತ ಕೇಳು, ಇಲ್ಲದಿದ್ದರೆ ನಿಷೇಧದ ಹಿಂದಿನ ವಾರವೇ ಅರ್ಧ ಕುದುರೆಗಳು ಮಾಯವಾಗುತ್ತವೆ. ಬ್ಯಾಟರಿ ಗಾಡಿ ಬಂದರೆ ಅದರ ಪರವಾನಗಿ ಮೊದಲು ಈಗಿನ ಗಾಡಿಯವರಿಗೇ ಸಿಗಬೇಕು, ದುಡ್ಡಿರುವ ಕಂಪನಿಗಲ್ಲ. ಮೆಕ್ಸಿಕೊದ ಗ್ವಾಡಲಹಾರಾದಲ್ಲೂ ಕುದುರೆಗಳ ಬದಲು ಬ್ಯಾಟರಿ ಗಾಡಿ ತಂದಿದ್ದಾರೆ, ಹೊಸದೇನೂ ಕೇಳುತ್ತಿಲ್ಲ ಅಂತ ಅಧಿಕಾರಿಗಳಿಗೆ ತೋರಿಸಬಹುದು.

ಪ್ರತಿಭಟನೆಯ ದಿನ ತಮಟೆ, ಸೀಟಿ, ಮೈಕು ಯಾವುದೂ ಗಾಡಿಗಳ ಹತ್ತಿರ ಬೇಡ. ಕುದುರೆಗಾಗಿ ಕೂಗುತ್ತಾ ಕುದುರೆಯನ್ನೇ ಬೆದರಿಸಿದರೆ ಹೇಗೆ? ದಾರಿಗೆ ಅಡ್ಡ ನಿಲ್ಲುವ ಹುಡುಗರಿದ್ದರೆ ದೂರ ಇಡು. ಸವಾರಿಗೆ ಬಂದ ಮಕ್ಕಳ ಮುಂದೆ ಅವರ ಅಪ್ಪ ಅಮ್ಮನಿಗೆ ಬೈಯಲೂ ಹೋಗಬೇಡಿ. ಒಂದು ಚೀಟಿ ಕೊಡಿ, ಸಾಕು.

ಈ ವಾರ ಎರಡು ಕೆಲಸ ಮಾಡು. ಗಾಡಿಯವರ ಹತ್ತಿರ ಹೋಗಿ ಮಾತಾಡು, ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಗಾಡಿ ಬಿಟ್ಟರೆ ಏನು ಮಾಡಲು ಇಷ್ಟ ಅಂತ ಅವರನ್ನೇ ಕೇಳಿ ಬರೆದುಕೋ. ಆಮೇಲೆ ಪ್ರಾಣಿಗಳ ಆಶ್ರಯ ನಡೆಸುವವರಿಂದ ಎಷ್ಟು ಕುದುರೆ ತೆಗೆದುಕೊಳ್ಳುತ್ತಾರೆ ಅಂತ ಬರಹದಲ್ಲಿ ತರಿಸು. ಬಾಯಿಮಾತಿನಲ್ಲಿ ಎಲ್ಲರೂ ‘ಕಳಿಸಿ, ನೋಡೋಣ’ ಅನ್ನುತ್ತಾರೆ. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಲು ಆಳು ಇದೆಯಾ ಅಂತಲೂ ಕೇಳು. ಅಷ್ಟು ಕೈಗೆ ಬಂದ ಮೇಲೆ ಕರಡು ಮತ್ತೆ ಕಳಿಸು. ವೈದ್ಯಕೀಯ ಭಾಗವನ್ನು ನಾನೇ ಬರೆದು, ಸಹಿ ಹಾಕಿ ಕೊಡುತ್ತೇನೆ.

ಇಂತಿ,
ನಿನ್ನ ಮಾವ