ರೆಸಿಪಿ ತರಲಿಲ್ಲ ಪುಟ್ಟಿ

ದಾವಣಗೆರೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ಅಪ್ಪಾಜಿಯ ಆಶೀರ್ವಾದಗಳು.

ಪೋರ್ಚುಗಲ್‌ನ ಲಿಸ್ಬನ್‌ನಲ್ಲಿರುವ ಅಣ್ಣನ ಹತ್ತಿರ ಹೋಗಿ, ಊರಿಗೆ ವಾಪಸ್ ಬಂದು ಫೋನ್ ಮಾಡಿದರೆ ನೀನು ಕೇಳಿದ ಮೊದಲ ಮಾತೇ "ರೆಸಿಪಿ ಸಿಕ್ತಾ ಅಪ್ಪಾಜಿ?" ಅಂತ. ಅಣ್ಣ ಹೇಗಿದ್ದಾನೆ, ಅಮ್ಮನ ಮೊಣಕಾಲು ಹೇಗಿದೆ, ಅದೆಲ್ಲ ಆಮೇಲೆ. ಇರಲಿ ಬಿಡು, ಬೇಕರಿಯವನ ಮಗಳು ಇನ್ನೇನು ಕೇಳುತ್ತಾಳೆ. ಗಲ್ಲಾ ಮೇಲೆ ಕೂತು ಫೋನಿನಲ್ಲಿ ಹೇಳಲು ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಅಂಗಡಿಯನ್ನು ಹುಡುಗರಿಗೆ ಬಿಟ್ಟು, ಮನೆಗೆ ಬಂದು ಬರೆಯುತ್ತಿದ್ದೇನೆ.

ನೀನು ಕೇಳಿದ ಆ ಪಾಸ್ಟೆಲ್, ಅದೇ ಪದರು ಹಿಟ್ಟಿನ ಬಟ್ಟಲಲ್ಲಿ ಮೊಟ್ಟೆ ಹಳದಿಯ ಸಿಹಿ ಹೂರಣ ತುಂಬಿದ ತಿಂಡಿ, ಅದರ ರೆಸಿಪಿ ಸಿಗಲಿಲ್ಲ. ಲಿಸ್ಬನ್‌ನ ಬೆಲೇಮ್ ಬಡಾವಣೆಯ ಆ ಅಂಗಡಿಯವರು 1837ರಿಂದ ಯಾರಿಗೂ ಕೊಟ್ಟಿಲ್ಲ. ದಾವಣಗೆರೆಯಿಂದ ಹೋದ ಮುದುಕನಿಗೆ ಕೊಡುತ್ತಾರಾ? ಅವರಲ್ಲಿ ಒಂದು ಗುಟ್ಟಿನ ಕೋಣೆಯೇ ಇದೆ. ಹಿಟ್ಟು, ಹೂರಣ ಎರಡನ್ನೂ ಅಲ್ಲೇ ಬಾಗಿಲು ಹಾಕಿಕೊಂಡು ತಯಾರಿಸುತ್ತಾರೆ. ಪೂರ್ತಿ ಅಳತೆ ಗೊತ್ತಿರುವವರು ಬೆರಳೆಣಿಕೆಯಷ್ಟು ಜನ. ನಮ್ಮ ಅಂಗಡಿಯಲ್ಲಿ ಹೊಸದಾಗಿ ಸೇರಿದ ಹುಡುಗನಿಗೂ ವಾರದೊಳಗೆ ಖಾರಾ ಬನ್ನಿನ ಅಳತೆ ಬಾಯಿಪಾಠ ಆಗಿರುತ್ತದೆ!

ಅಲ್ಲಿಗೆ ಹೋದ ದಿನ ಅಣ್ಣನಿಗೆ ರಜೆ ಇರಲಿಲ್ಲ. ಚೀಟಿಯಲ್ಲಿ ಹೆಸರು ಬರೆದುಕೊಟ್ಟು, 15ನೇ ನಂಬರಿನ ಟ್ರಾಮ್ ಹತ್ತಿಸಿ ಆಫೀಸಿಗೆ ಹೋದ. ಆ ಟ್ರಾಮ್‌ನಲ್ಲಿ ಜೇಬುಗಳ್ಳರು ಜಾಸ್ತಿ ಅಂತ ಹೆದರಿಸಿಯೂ ಹೋದ. ಅಮ್ಮ ಪರ್ಸನ್ನು ಸೆರಗಿನೊಳಗೆ ಅವುಚಿಕೊಂಡು, ಪಕ್ಕದಲ್ಲಿ ನಿಂತ ಪಾಪದ ಹುಡುಗನನ್ನು ಇಳಿಯುವವರೆಗೂ ದುರುಗುಟ್ಟಿ ನೋಡಿದಳು.

ಬೆಲೇಮ್‌ನಲ್ಲಿ ಇಳಿದರೆ ಜೆರೋನಿಮೋಸ್ ಮಠ. 1500ರ ಸುಮಾರಿಗೆ ಮ್ಯಾನುಯೆಲ್ ದೊರೆ ಕಟ್ಟಿಸಲು ಹಿಡಿದದ್ದು. ಕಲ್ಲಿನ ಕೆತ್ತನೆ ನೋಡಿದರೆ ಕತ್ತು ನೋಯುವಷ್ಟು ಇದೆ. ಒಳಗಿನ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿ ಇದೆ. ಅಮ್ಮ ಅದರ ಮುಂದೆ ನಿಂತು, "ಇವನೇನಾ ಕಾಳುಮೆಣಸಿಗೆ ಬಂದವನು?" ಅಂದಳು. ಇವನೇ, 1498ರಲ್ಲಿ ಕಲ್ಲಿಕೋಟೆಗೆ ಬಂದವನು. ಅವನ ಹಿಂದಿನಿಂದ ಬಂದ ಪೋರ್ಚುಗೀಸರೇ ಅಮೆರಿಕದ ಕಡೆಯ ಮೆಣಸಿನಕಾಯಿಯನ್ನು ಗೋವಾಕ್ಕೆ ತಂದವರು. ಅದು ಬರದೇ ಇದ್ದಿದ್ದರೆ ನಮ್ಮೂರಲ್ಲಿ ಸಂಜೆ ಮಂಡಕ್ಕಿ ಜೊತೆ ಏನು ಕಚ್ಚುತ್ತಿದ್ದೆವು ಹೇಳು? ಕಾಳುಮೆಣಸು ಒಯ್ದರು, ಮೆಣಸಿನಕಾಯಿ ಕೊಟ್ಟರು. ದಾವಣಗೆರೆಯ ಮಟ್ಟಿಗೆ ವ್ಯಾಪಾರ ಲಾಭದ್ದೇ. ಉಳಿದ ಲೆಕ್ಕವನ್ನು ಗೋವಾದವರನ್ನು ಕೇಳಬೇಕು.

ತಿಂಡಿ ಹುಟ್ಟಿದ್ದು ಈ ಮಠದಲ್ಲೇ. ಆಗಿನ ಕಾಲದಲ್ಲಿ ಅಲ್ಲಿನ ಮಠ, ಕಾನ್ವೆಂಟುಗಳಲ್ಲಿ ಬಟ್ಟೆಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಬಳಸುತ್ತಿದ್ದರಂತೆ. ಹಳದಿ ರಾಶಿ ಉಳಿಯುತ್ತಿತ್ತು. ಉಳಿದದ್ದನ್ನು ಬಿಸಾಡುವವನು ಅಡುಗೆಯವನೇ ಅಲ್ಲ. ಸಕ್ಕರೆ ಬೆರೆಸಿ ತಿಂಡಿ ಮಾಡಿದರು. 1820ರಲ್ಲಿ ಅಲ್ಲಿ ಕ್ರಾಂತಿ ಆಯಿತು, 1834ರಲ್ಲಿ ಸರ್ಕಾರ ಮಠಗಳನ್ನೆಲ್ಲ ಮುಚ್ಚಿಸಿತು. ಹೊರಬಿದ್ದವರಿಗೆ ಹೊಟ್ಟೆಪಾಡು ನಡೆಯಬೇಕಲ್ಲ. ಪಕ್ಕದಲ್ಲಿ ಸಕ್ಕರೆ ಶುದ್ಧ ಮಾಡುವ ಕಾರ್ಖಾನೆ ಇತ್ತು, ಅದಕ್ಕೆ ಅಂಟಿಕೊಂಡು ಒಂದು ಸಣ್ಣ ಅಂಗಡಿ. ಅಲ್ಲಿ ಈ ತಿಂಡಿ ಇಟ್ಟು ಮಾರಿದರು. ಮಠ ನೋಡಲು ಲಿಸ್ಬನ್ ಪೇಟೆಯಿಂದ ದೋಣಿಯಲ್ಲಿ ಬರುತ್ತಿದ್ದವರು ತಿಂದು ರುಚಿ ಹತ್ತಿಸಿಕೊಂಡರು. ಅಂಗಡಿ ನಿಂತಿತು.

ನಮ್ಮೂರ ಬೆಣ್ಣೆ ದೋಸೆಯ ಕಥೆಯೂ ಹೊಟ್ಟೆಪಾಡಿನದೇ ಅಲ್ವಾ? ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ, 1928ರಲ್ಲಿ ನಾಟಕದ ಥಿಯೇಟರ್ ಹತ್ತಿರ ರಾಗಿ ದೋಸೆ ಹುಯ್ದು ಮಾರಿದರು ಅಂತ ಹಿರಿಯರು ಹೇಳುತ್ತಾರೆ. ಅಕ್ಕಿ, ಬೆಣ್ಣೆ ಎಲ್ಲ ಆಮೇಲೆ ಅವರ ಮಕ್ಕಳ ಕಾಲಕ್ಕೆ ಬಂದದ್ದು. ಆ ದೋಸೆಯಲ್ಲಿ ಏನು ಗುಟ್ಟಿದೆ? ಅಕ್ಕಿ, ಉದ್ದು, ಮಂಡಕ್ಕಿ, ಬೆಣ್ಣೆ. ಊರಿಗೆಲ್ಲ ಗೊತ್ತು. ಆದರೂ ಬೆಂಗಳೂರಿನಲ್ಲಿ 'ದಾವಣಗೆರೆ' ಅಂತ ಬೋರ್ಡ್ ಹಾಕಿದ ಕಡೆಯೆಲ್ಲ ಆ ರುಚಿ ಸಿಗುವುದಿಲ್ಲ. ಇದನ್ನು ತಲೆಯಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ.

ಅಂಗಡಿ ಮುಂದೆ ನೀಲಿ ಛಾವಣಿ. ರಸ್ತೆವರೆಗೂ ಪಾರ್ಸೆಲ್‌ನವರ ಸಾಲು. ಕೂತು ತಿನ್ನುವವರು ಒಳಗೆ ಹೋಗಬೇಕು. ಹೊರಗಿಂದ ನೋಡಿದರೆ ಸಣ್ಣ ಅಂಗಡಿ, ಒಳಗೆ ಕೋಣೆ ದಾಟಿದರೆ ಕೋಣೆ, ಗೋಡೆಗೆಲ್ಲ ನೀಲಿ ಬಿಳಿ ಟೈಲ್ಸ್. ದಿನಕ್ಕೆ 20,000ದಷ್ಟು ಮಾರುತ್ತಾರೆ ಅಂತ ಹೇಳುತ್ತಾರೆ. ಆ ಸಾಲು ನೋಡಿದ ಮೇಲೆ ನಂಬಿದೆ.

ತಟ್ಟೆ ಬಂತು. ಅಂಗೈಯಲ್ಲಿ ಕೂರುವಷ್ಟು ಗಾತ್ರ. ಮೇಲೆ ಅಲ್ಲಲ್ಲಿ ಕಪ್ಪಗೆ ಸುಟ್ಟ ಚುಕ್ಕೆ. ನಮ್ಮಲ್ಲಿ ಹಾಗೆ ಸುಟ್ಟರೆ ಗಿರಾಕಿ ವಾಪಸ್ ಕೊಡುತ್ತಾನೆ, ಅಲ್ಲಿ ಅದೇ ಚೆಂದ. ತಟ್ಟೆ ಅಲುಗಿದರೆ ನಡುವಿನ ಹೂರಣವೂ ಅಲುಗುತ್ತಿತ್ತು, ಅಷ್ಟು ಬಿಸಿ. ಚಕ್ಕೆ ಪುಡಿ, ಸಕ್ಕರೆ ಪುಡಿ ಮೇಜಿನ ಮೇಲೇ ಇಟ್ಟಿರುತ್ತಾರೆ, ಬೇಕಾದಷ್ಟು ಉದುರಿಸಿಕೊಳ್ಳಬೇಕು. ಕಚ್ಚಿದೆ. ಪದರು ಕರಕರ ಅಂತ ಮುರಿಯಿತು, ಚೂರೆಲ್ಲ ಅಂಗಿ ಮೇಲೆ. ಹಿಟ್ಟಿನಲ್ಲಿ ಉಪ್ಪು ಒಂದು ಗುಂಜಿ ಮುಂದೆ ಇದೆ. ಅದಕ್ಕೇ ಒಳಗಿನ ಸಿಹಿ ಮುಖಕ್ಕೆ ಹೊಡೆಯುವುದಿಲ್ಲ. ಇದು ನನ್ನ ನಾಲಗೆ ಹೇಳಿದ್ದು, ಅವರು ಹೇಳಿದ್ದಲ್ಲ.

ಅಮ್ಮ ಮೊಟ್ಟೆ ಅಂತ ಮುಟ್ಟಲಿಲ್ಲ. ನಾನು ತಿನ್ನುವಾಗ ಟೈಲ್ಸ್ ನೋಡುತ್ತಾ ಕೂತಿದ್ದಳು. ಕಾಫಿ ತರಿಸಿದೆ. ಒಂದು ಗುಟುಕು ಕುಡಿದು, "ಕಾಫಿ ಕೇಳಿದರೆ ಕಷಾಯ ಕೊಟ್ಟಿದ್ದಾರೆ" ಅಂದಳು.

ಈಗ ನೀನು ಕೇಳಿದ ಡಬ್ಬಿಯ ವಿಷಯ. ಕಟ್ಟಿಕೊಡುತ್ತಾರೆ. ಉದ್ದನೆಯ ರಟ್ಟಿನ ಡಬ್ಬಿ, ಜೊತೆಗೆ ಚಕ್ಕೆ, ಸಕ್ಕರೆಯ ಪುಟ್ಟ ಪೊಟ್ಟಣ. ಅಣ್ಣನಿಗೆ ಅಂತ ಒಂದು ಡಬ್ಬಿ ತಗೊಂಡೆವು. ಸಂಜೆ ಅವನು ಬರುವ ಹೊತ್ತಿಗೆ ಪದರು ಮೆತ್ತಗಾಗಿ, ಕೈಯಲ್ಲಿ ಹಿಡಿದರೆ ಬಾಗುತ್ತಿತ್ತು. ರುಚಿ ಕೆಟ್ಟಿರಲಿಲ್ಲ, ಆದರೆ ಬೆಳಿಗ್ಗೆ ನಾನು ತಿಂದದ್ದು ಅದಲ್ಲ. ಬೆಣ್ಣೆ ದೋಸೆ ಪಾರ್ಸೆಲ್ ಕಟ್ಟಿಸಿಕೊಂಡು ಹೋಗುವವರನ್ನು ಕಂಡರೆ ನಾನು ಏನಂತೀನಿ ನಿನಗೆ ಗೊತ್ತು. ಹಾಗಿರುವಾಗ ಎರಡು ವಿಮಾನ ಬದಲಾಯಿಸಿ, ಬೆಂಗಳೂರಿನಿಂದ ರೈಲಿನಲ್ಲಿ ನಿನಗೊಂದು ಡಬ್ಬಿ ತರುತ್ತೇನಾ?

ಕೆಲಸ ಕಣ್ಣಿಗೆ ಬಿದ್ದದ್ದು ಇನ್ನೊಂದು ಅಂಗಡಿಯಲ್ಲಿ. ಬೆಲೇಮ್ ಅನ್ನುವ ಹೆಸರು ಹಾಕಿಕೊಳ್ಳುವ ಹಕ್ಕು ಆ ಒಂದು ಅಂಗಡಿಗೆ ಮಾತ್ರ. ಉಳಿದ ಕಡೆಯೆಲ್ಲ ಇದೇ ತಿಂಡಿ 'ಪಾಸ್ಟೆಲ್ ದೆ ನಾಟಾ'. ಊರ ನಡುವೆ ಕಮೋಯಿಶ್ ಚೌಕದ ಮೂಲೆಯಲ್ಲಿ ಮಾಂತೆಗರಿಯಾ ಅಂತ ಒಂದು ಅಂಗಡಿ, 2014ರಲ್ಲಿ ಶುರುವಾದದ್ದು. ಮೊದಲು ಅಲ್ಲಿ ಇದ್ದದ್ದು ಬೆಣ್ಣೆ ಅಂಗಡಿ. ಬೆಣ್ಣೆ ಊರಿನವನು ಇನ್ನೆಲ್ಲಿಗೆ ಹೋಗಲಿ! ಅಲ್ಲಿ ಗುಟ್ಟು ಇಲ್ಲ. ಗಾಜಿನ ಆಚೆ ಕೆಲಸ, ಈಚೆ ಗಿರಾಕಿ. ನಾನು ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟೆ. ಅಮ್ಮ ಎರಡು ಸಲ ಕೈ ಹಿಡಿದು ಎಳೆದಳು.

ಹಿಟ್ಟು ನಮ್ಮ ಪಫ್ಸ್ ಹಿಟ್ಟಿನ ಜಾತಿಯದೇ. ಕೊಬ್ಬು ಹಚ್ಚಿ ಮಡಿಸುವುದು, ಲಟ್ಟಿಸುವುದು, ಮತ್ತೆ ಮಡಿಸುವುದು. ಬೇರೆ ಇರುವುದು ಆಮೇಲಿನದು. ಹಾಳೆಯನ್ನು ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಅಡ್ಡಕ್ಕೆ ತುಂಡು ಮಾಡುತ್ತಾರೆ. ತುಂಡನ್ನು ಅಚ್ಚಿನಲ್ಲಿ ಕೊಯ್ದ ಮುಖ ಮೇಲಾಗಿ ಇಟ್ಟು, ನೀರಿನಲ್ಲಿ ಅದ್ದಿದ ಹೆಬ್ಬೆರಳಿನಿಂದ ನಡುವೆ ಒತ್ತಿ, ಅಚ್ಚು ತಿರುಗಿಸುತ್ತಾ ಹಿಟ್ಟನ್ನು ಅಂಚಿನವರೆಗೆ ಏರಿಸುತ್ತಾರೆ. ತಳ ಕಾಗದದಷ್ಟು ತೆಳು, ಅಂಚು ಸ್ವಲ್ಪ ದಪ್ಪ. ಹಾಗಾಗಿ ಬೆಂದಾಗ ಪದರು ಸುರುಳಿ ಸುರುಳಿಯಾಗಿ ತೆರೆದುಕೊಳ್ಳುತ್ತದೆ. ಒಬ್ಬ ಹುಡುಗಿ ಒತ್ತುತ್ತಿದ್ದಳು, ನಿನ್ನ ವಯಸ್ಸಿನವಳೇ. ಅಚ್ಚನ್ನು ನೋಡುತ್ತಲೇ ಇರಲಿಲ್ಲ, ಪಕ್ಕದವಳ ಜೊತೆ ಮಾತು ನಡೆದೇ ಇತ್ತು. ಬೆರಳು ತನ್ನ ಪಾಡಿಗೆ ಹೋಗುತ್ತಿತ್ತು.

ಹೂರಣಕ್ಕೆ ಮೊಟ್ಟೆಯ ಹಳದಿ, ಹಾಲು, ಸ್ವಲ್ಪ ಮೈದಾ, ಸಕ್ಕರೆ ಪಾಕ. ಪಾಕಕ್ಕೆ ಚಕ್ಕೆ, ನಿಂಬೆ ಸಿಪ್ಪೆ ಹಾಕುವುದು ವಾಡಿಕೆ. ಆಮೇಲೆ ಓವನ್. ಈ ತಿಂಡಿಗೆ 300 ಡಿಗ್ರಿ ಆಸುಪಾಸಿನ ಕಾವು ಬೇಕು. ನಾವು ಪಫ್ಸ್‌ಗೆ ಇಡುವುದು 200, 220. 300ರ ಕಾವಿದ್ದರೆ ತಳ ಗರಿಗರಿ ಆಗಿ, ಮೇಲೆ ಕಪ್ಪು ಚುಕ್ಕೆ ಎದ್ದು, ಒಳಗಿನ ಹೂರಣ ಒಡೆಯುವ ಮೊದಲೇ ಟ್ರೇ ಹೊರಗೆ ಬರುತ್ತದೆ. ಕಾವು ಕಮ್ಮಿ ಇಟ್ಟು ಜಾಸ್ತಿ ಹೊತ್ತು ಬಿಟ್ಟರೆ ಹೂರಣ ಗಂಟು ಗಂಟು, ತಳ ಹಸಿ. ನಿನ್ನ ಅಜ್ಜನ ಕಟ್ಟಿಗೆ ಭಟ್ಟಿ ನೆನಪಾಯಿತು. ಬೆಂಕಿ ಎಳೆದ ಹೊಸದರಲ್ಲಿ ಅದು ಹೀಗೇ ಕುದಿಯುತ್ತಿತ್ತು, ಬ್ರೆಡ್ ಹಾಕಬೇಕಾದರೆ ಕಾವು ಇಳಿಯಲಿ ಅಂತ ಕಾಯುತ್ತಿದ್ದೆವು. ಆ ಕಾಯುವ ಹೊತ್ತಿನಲ್ಲಿ ಬೇಯಿಸುವಂಥ ತಿಂಡಿ ಇದು.

ಟ್ರೇ ಹೊರಗೆ ಬಂದ ಕೂಡಲೇ ಅಲ್ಲಿ ಗಂಟೆ ಬಾರಿಸುತ್ತಾರೆ. ಚೌಕದಲ್ಲಿ ಹೋಗುವವರು ತಿರುಗಿ ಒಳಗೆ ಬರುತ್ತಾರೆ. ಕೌಂಟರಿನಲ್ಲಿ ನಿಂತೇ ಒಂದು ತಿಂದು, ಆ ಕಷಾಯದ ಕಾಫಿ ಕುಡಿದು, ಹೊರಟರು. ಟ್ರೇ ಖಾಲಿ. ಮುಂದಿನದು ಆಗಲೇ ಓವನ್‌ನಲ್ಲಿ. ಒಂದು ಟ್ರೇಯೂ ಕಪಾಟಿಗೆ ಹೋದದ್ದನ್ನು ನಾನು ಕಾಣಲಿಲ್ಲ.

ನಾನು ತಂದದ್ದು ಇದನ್ನೇ ಪುಟ್ಟಿ. ಗುಟ್ಟಿನ ಕೋಣೆ ಇರುವ ಅಂಗಡಿ, ಗಾಜಿನ ಹಿಂದೆ ಎಲ್ಲ ತೋರಿಸುವ ಅಂಗಡಿ, ಎರಡರಲ್ಲೂ ನಾನು ತಿಂದದ್ದು ಚೆನ್ನಾಗಿತ್ತು. ಎರಡು ಕಡೆಯೂ ಓವನ್ ಬಾಗಿಲಿಗೂ ಗಿರಾಕಿ ಬಾಯಿಗೂ ನಡುವೆ ಇರುವುದು ಕೆಲವೇ ನಿಮಿಷ. ನಮ್ಮ ದೋಸೆ ಹೋಟೆಲಿನಲ್ಲೂ ಅಷ್ಟೇ, ಕಾವಲಿಯಿಂದ ಎತ್ತಿದ್ದು ನೇರ ತಟ್ಟೆಗೆ. ಬೆಳಿಗ್ಗೆಯೇ ಇಡೀ ದಿನದ್ದನ್ನು ಬೇಯಿಸಿ, ಬಲ್ಬ್ ಹಾಕಿದ ಗಾಜಿನ ಕಪಾಟಿನಲ್ಲಿ ರಾತ್ರಿವರೆಗೂ ಕೂರಿಸುವುದು ಬೇಕರಿಯವರು ಮಾತ್ರ.

ಅದಕ್ಕೇ ಈ ತಿಂಗಳಿಂದ ಒಂದು ಬದಲಾವಣೆ. ಖಾರಾ ಬನ್, ಪಫ್ಸ್ ಎರಡನ್ನೂ ಸಣ್ಣ ಸಣ್ಣ ಟ್ರೇಯಲ್ಲಿ ಹಾಕುತ್ತೇವೆ. ಹಿಟ್ಟು ಬೆಳಿಗ್ಗೆಯೇ ಸಿದ್ಧ ಇರುತ್ತದೆ, ಬೇಯಿಸುವುದು ಮಾತ್ರ ಕಾಲೇಜು ಬಿಡುವ ಹೊತ್ತಿಗೊಂದು, ಆಫೀಸು ಬಿಡುವ ಹೊತ್ತಿಗೊಂದು. ಹುಡುಗರು ಗೊಣಗುತ್ತಿದ್ದಾರೆ, ಕರೆಂಟ್ ಬಿಲ್ಲೂ ಏರುತ್ತದೆ. ನೋಡೋಣ. ಗಂಟೆ ಬಾರಿಸುವ ಮಾತಿಗೆ ಅಮ್ಮ ನಕ್ಕಳು, ಮಂಗಳಾರತಿ ಅಂದುಕೊಂಡು ಜನ ಚಪ್ಪಲಿ ಬಿಟ್ಟು ಬಂದಾರು ಅಂತ. ಸದ್ಯಕ್ಕೆ ಸ್ಲೇಟಿನಲ್ಲಿ ಟೈಮ್ ಬರೆದು ತೂಗುಹಾಕಿದ್ದೇನೆ.

ನಾಟಾವನ್ನು ನಮ್ಮ ಅಂಗಡಿಯಲ್ಲಿ ಇಡೋಣ ಅಂತೀಯಲ್ಲ, ಅದು ಆಗದ ಮಾತು. ಅಜ್ಜನ ಕಾಲದಿಂದ ಅಂಗಡಿಯೊಳಗೆ ಮೊಟ್ಟೆ ಬಂದಿಲ್ಲ, ಅದನ್ನು ನಂಬಿಯೇ ಬರುವ ಮನೆಗಳಿವೆ. ಕಸ್ಟರ್ಡ್ ಪೌಡರ್ ಹಾಕಿ ಮಾಡಬಹುದು ಅನ್ನುವ ನಿನ್ನ ಐಡಿಯಾ ತಪ್ಪಲ್ಲ. ಮಾಡು, ತಿನ್ನೋಣ. ಆದರೆ ಅದಕ್ಕೆ ಲಿಸ್ಬನ್ ಹೆಸರು ಇಡಬೇಡ. ಬೆಂಗಳೂರಿನವರು ನಮ್ಮ ಊರಿನ ಹೆಸರಿಗೆ ಮಾಡಿದ್ದನ್ನು ನಾವು ಬೇರೆಯವರ ಊರಿಗೆ ಮಾಡುವುದು ಬೇಡ.

ಹಾಂ, ಬರಿಗೈಯಲ್ಲಿ ಬಂದಿಲ್ಲ. ಅಚ್ಚು ತಂದಿದ್ದೇನೆ, ಪಾತ್ರೆ ಅಂಗಡಿಯಲ್ಲಿ ಸಿಕ್ಕವು. ಅಮ್ಮ ಆಗಲೇ ಅದರಲ್ಲಿ ಪುಟಾಣಿ ಇಡ್ಲಿ ಹುಯ್ದು ಪಕ್ಕದ ಮನೆಯ ಮಗುವಿಗೆ ಕೊಟ್ಟಾಯಿತು. ದಸರಾ ರಜೆಗೆ ಬಾ. ನಿಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಅಷ್ಟು ಕಾವಿನ ಓವನ್ ಇದ್ದರೆ ಮೊದಲು ಅಲ್ಲಿ ಒಂದು ಸಲ ನೋಡಿಕೊಂಡು ಬಾ. ಅಜ್ಜನ ಹಳೇ ಭಟ್ಟಿಯ ಇಟ್ಟಿಗೆ ಇನ್ನೂ ಹಿತ್ತಲಲ್ಲೇ ಬಿದ್ದಿವೆ, ಸಣ್ಣದೊಂದು ಭಟ್ಟಿ ಕಟ್ಟಿ ಮನೆ ಮಟ್ಟಿಗೆ ಮೊಟ್ಟೆ ಹಾಕಿಯೇ ಮಾಡೋಣ. ಮೊಟ್ಟೆ ಮಾತ್ರ ನೀನೇ ತರಬೇಕು, ಹಿತ್ತಲಲ್ಲೇ ಒಡೆಯಬೇಕು. ಅಮ್ಮನ ಹತ್ತಿರ ಆ ಮಾತು ಎತ್ತುವವಳೂ ನೀನೇ. ನಾನು ಆ ಹೊತ್ತಿಗೆ ಅಂಗಡಿಯಲ್ಲಿರುತ್ತೇನೆ.

ಇಂತಿ,
ನಿನ್ನ ಅಪ್ಪಾಜಿ