ತಾಳಗುಪ್ಪ ಮಾರ್ಗದ ಉಗಿಬಂಡಿಯ ಚಿತ್ರಗಳನ್ನು ಉಳಿಸೋಣ

ಮಾನ್ಯ ಸಂಪಾದಕರೇ,

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಜಪಾನಿಗೆ ಹೋಗಿದ್ದಾಗ ಶಿಜುವೊಕಾ ಪ್ರಾಂತ್ಯದ ಓಯಿಗಾವಾ ರೈಲುಮಾರ್ಗದ ಬದಿಯಲ್ಲಿ ಒಂದು ಇಡೀ ದಿನ ಕ್ಯಾಮೆರಾ ಹಿಡಿದು ನಿಂತಿದ್ದೆ. ಗುಡ್ಡದ ಓರೆಯಲ್ಲಿ ಚಹಾ ತೋಟ, ಕೆಳಗೆ ಅಗಲವಾದ ಹೊಳೆ. ಸಾಗರ ಸೀಮೆಯವನಾದ ನನಗೆ ಅದು ಪರನಾಡೆನಿಸಲಿಲ್ಲ. ಕವಾನೆಯ ಬಿಸಿನೀರಿನ ಬುಗ್ಗೆಯ ಸಮೀಪದ ಸೇತುವೆಯ ಬಳಿ ಮುದುಕರೂ ಶಾಲೆಯ ಮಕ್ಕಳೂ ಕಾಯುತ್ತಿದ್ದರು. ಸಿ11 ಮಾದರಿಯ ಎಂಜಿನ್ನು ಕಣ್ಣಿಗೆ ಬೀಳುವ ಮೊದಲೇ ಅದರ ಕೂಗು ಕಣಿವೆಯನ್ನು ತುಂಬಿತು. ತಣ್ಣನೆಯ ಗಾಳಿಯಲ್ಲಿ ಉಗಿ ದಟ್ಟವಾಗಿ ಬೆಳ್ಳಗೆ ಕಾಣುತ್ತದೆಂದೂ, ಏರಿನಲ್ಲಿ ಎಂಜಿನ್ನು ಹೆಚ್ಚು ದುಡಿಯುವುದರಿಂದ ಹೊಗೆ ಎತ್ತರಕ್ಕೆ ಚಿಮ್ಮುತ್ತದೆಂದೂ ಅರಿತ ಅಲ್ಲಿನ ಛಾಯಾಗ್ರಾಹಕರು ಚಳಿಗಾಲದ ಬೆಳಗುಗಳನ್ನೇ ಆರಿಸಿಕೊಳ್ಳುತ್ತಾರೆ.

ಜಪಾನಿನ ರಾಷ್ಟ್ರೀಯ ರೈಲ್ವೆಯು 1975ರ ಡಿಸೆಂಬರ್‌ನಲ್ಲಿ ಉಗಿ ಎಂಜಿನ್ನಿನ ಓಡಾಟಕ್ಕೆ ತೆರೆ ಎಳೆಯಿತು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಜನ ಹಳಿಗಳ ಬದಿಗೆ ಮುಗಿಬಿದ್ದು, ಕಣ್ಮರೆಯಾಗಲಿರುವ ಎಂಜಿನ್ನುಗಳ ಚಿತ್ರ ತೆಗೆದಿದ್ದರು. 1976ರಲ್ಲಿ ಓಯಿಗಾವಾದಲ್ಲಿ, 1979ರಲ್ಲಿ ಯಾಮಾಗುಚಿ ಮಾರ್ಗದಲ್ಲಿ ಉಗಿಬಂಡಿ ಮತ್ತೆ ಓಡಿದ್ದಕ್ಕೆ ಆ ಅಕ್ಕರೆಯೇ ಬೆಂಬಲವಾಗಿತ್ತೆಂದು ನಾನು ನಂಬಿದ್ದೇನೆ. ಯುದ್ಧಕಾಲದಲ್ಲಿ ಚಕ್ರಗಳನ್ನು ಮೀಟರ್ ಗೇಜಿಗೆ, ಅಂದರೆ ಒಂದು ಮೀಟರ್ ಅಂತರದ ಹಳಿಗೆ, ಹೊಂದಿಸಿ ಥಾಯ್ಲೆಂಡಿಗೆ ಕಳಿಸಿದ್ದ ಸಿ56 ಮಾದರಿಯ ಒಂದು ಎಂಜಿನ್ನು 1979ರಲ್ಲಿ ತಾಯ್ನಾಡಿಗೆ ಮರಳಿ ಓಯಿಗಾವಾದಲ್ಲಿ ಓಡಿತು. ಅದೇ ಮೀಟರ್ ಗೇಜಿನ ಹಳಿ ನಮ್ಮ ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿಯೂ ಇತ್ತಲ್ಲವೇ?

1940ರಲ್ಲಿ ತಾಳಗುಪ್ಪ ತಲುಪಿದ ಆ ಹಳಿ ಈಗ ಬ್ರಾಡ್ ಗೇಜ್ ಆಗಿದೆ. ಹಳೆಯ ಎಂಜಿನ್ನನ್ನು ಮತ್ತೆ ಓಡಿಸಿರೆಂದು ನಾನು ಕೇಳುತ್ತಿಲ್ಲ. ಆದರೆ ಅದರ ಚಿತ್ರಗಳಾದರೂ ಎಲ್ಲಿ ಹೋದವು? ಸಾಗರ, ಶಿವಮೊಗ್ಗಗಳ ಹಳೆಯ ಸ್ಟುಡಿಯೋಗಳ ಅಟ್ಟದಲ್ಲಿ ನೆಗೆಟಿವ್‌ಗಳಿರಬಹುದು, ಬೀಳ್ಕೊಡುಗೆಗೆಂದು ನಿಲ್ದಾಣದಲ್ಲಿ ತೆಗೆಸಿದ ಗುಂಪು ಚಿತ್ರಗಳು ಮನೆಗಳ ಟ್ರಂಕುಗಳಲ್ಲಿರಬಹುದು. ನಮ್ಮ ಮಳೆಗಾಲದ ಬೂಸರು ಫಿಲ್ಮಿನ ಮೇಲಿನ ಪದರವನ್ನೇ ತಿಂದುಹಾಕುತ್ತದೆ. ಒಂದು ಜೂನ್ ಕಳೆದಂತೆಲ್ಲ ಇನ್ನಷ್ಟು ಮುಖಗಳು, ಇನ್ನಷ್ಟು ಎಂಜಿನ್ನುಗಳು ಅಳಿಸಿಹೋಗುತ್ತವೆ.

ಇದೇ ಮಾರ್ಗದ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆಯು ವಸ್ತುಸಂಗ್ರಹಾಲಯವಾಗಿ ಉಳಿಸಿರುವುದು ಸಂತಸದ ಸಂಗತಿ. ಅಲ್ಲಿಯೇ ಈ ಚಿತ್ರಗಳ ಸಂಗ್ರಹ ಆರಂಭವಾಗಲಿ. ಮೂಲ ಪ್ರತಿಯನ್ನು ಸ್ಕ್ಯಾನ್ ಮಾಡಿ ಅದೇ ದಿನ ಮಾಲೀಕರಿಗೆ ಮರಳಿಸಲಿ, ನಿಲ್ದಾಣದ ಹೆಸರು, ವರ್ಷ ಹಾಗೂ ಚಿತ್ರದಲ್ಲಿರುವವರ ಹೆಸರುಗಳನ್ನು ಬರೆದಿಡಲಿ. ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್, ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗಳಾಗಿ ದುಡಿದವರ ಮನೆಗಳಿಂದಲೇ ಈ ಕೆಲಸ ಮೊದಲಾಗಬೇಕು, ಏಕೆಂದರೆ ಅವರ ನೆನಪಿಲ್ಲದೆ ಆ ಚಿತ್ರಗಳನ್ನು ಓದುವುದು ಕಷ್ಟ.

ನನ್ನಲ್ಲಿ ಇರುವುದು ಒಂದೇ ಚಿತ್ರ: ಕುಂಸಿ ನಿಲ್ದಾಣದಲ್ಲಿ ಎಂಜಿನ್ನಿನ ಮುಂದೆ ಕೊಡೆ ಹಿಡಿದು ನಿಂತ ನಮ್ಮ ತಂದೆ. ಅಂಚು ಮಾಸಿದ್ದರೂ ಎಂಜಿನ್ನಿನ ಸಂಖ್ಯೆಯನ್ನು ಇನ್ನೂ ಓದಬಹುದು. ಸಂಗ್ರಹ ಆರಂಭವಾದ ದಿನವೇ ಅದನ್ನು ಅರಸಾಳಿಗೆ ತಂದುಕೊಡುತ್ತೇನೆ.

– ಒಬ್ಬ ನಿವೃತ್ತ ಶಿಕ್ಷಕ, ಸಾಗರ