ಪೋಷಕರಿಗೆ ಪತ್ರ: ಶನಿವಾರದ ವಿಜ್ಞಾನಿ ಮಾತುಕತೆ ಬಗ್ಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಹೋದ ತಿಂಗಳಿಂದ ಶನಿವಾರ ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳು ಮುಕ್ಕಾಲು ಗಂಟೆ ತಡವಾಗಿ ಮನೆಗೆ ಬರುತ್ತಿದ್ದಾರೆ. "ಪರದೆ ಮುಂದೆ ಕೂರಿಸ್ಕೊಂಡು ಏನ್ ಮಾಡಿಸ್ತೀರಾ ಮೇಡಂ?" ಅಂತ ನಿಮ್ಮಲ್ಲಿ ಕೆಲವರು ಗೇಟಿನ ಹತ್ತಿರ ಕೇಳಿದಿರಿ. ಕೇಳಿದ್ದು ಒಳ್ಳೆಯದಾಯಿತು. ಮೊದಲೇ ನಾನು ಬರೆದು ತಿಳಿಸಬೇಕಿತ್ತು.

ಆ ಹೊತ್ತಿನಲ್ಲಿ ಮಕ್ಕಳು ಸ್ಮಾರ್ಟ್ ಕ್ಲಾಸ್ ಕೋಣೆಯಲ್ಲಿ ಕೂತು ಬೆಂಗಳೂರಿನ ಒಬ್ಬ ವಿಜ್ಞಾನಿ ಜತೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಾರೆ. ಆಕೆ ಗಿಡಗಳ ರೋಗದ ಮೇಲೆ ಕೆಲಸ ಮಾಡುವವರು. ಭಾಷಣ ಮಾಡುವುದಿಲ್ಲ. ಮಕ್ಕಳು ಕೇಳುತ್ತಾರೆ, ಅವರು ಉತ್ತರ ಹೇಳುತ್ತಾರೆ. ಎಲ್ಲವೂ ಕನ್ನಡದಲ್ಲೇ. ಇಂಗ್ಲಿಷ್ ಬರದು ಅಂತ ಒಂದು ಮಗುವೂ ಬಾಯಿ ಮುಚ್ಚಿಕೊಂಡು ಕೂರಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಇದು ನಾವು ಕಂಡುಹಿಡಿದ ದಾರಿಯಲ್ಲ. ಅಮೆರಿಕದಲ್ಲಿ ಸಾರಾ ಮ್ಯಾಕ್‌ಅನಲ್ಟಿ ಎನ್ನುವ ಕಡಲಜೀವಿ ವಿಜ್ಞಾನಿ 2017ರಲ್ಲಿ ಶಾಲೆಗಳಿಗೂ ವಿಜ್ಞಾನಿಗಳಿಗೂ ಹೀಗೆ ವಿಡಿಯೋದಲ್ಲಿ ಭೇಟಿ ಮಾಡಿಸುವ ಕೆಲಸ ಶುರು ಮಾಡಿದರು. ಇಂಗ್ಲೆಂಡಿನ ಶಾಲೆಗಳಲ್ಲಿ ಮಕ್ಕಳು ಟೈಪ್ ಮಾಡಿ ಪ್ರಶ್ನೆ ಕೇಳುವ ಪದ್ಧತಿ ಇದೆ. ಅದು ನನಗೆ ತುಂಬ ಹಿಡಿಸಿತು. ತರಗತಿಯಲ್ಲಿ ಎದ್ದು ನಿಲ್ಲಲು ನಾಚುವ ಮಕ್ಕಳು ನಮ್ಮಲ್ಲೂ ಇದ್ದಾರೆ, ಅಲ್ವಾ? ಅವರು ಚೀಟಿಯಲ್ಲಿ ಬರೆದು ಕೊಟ್ಟರೆ ಸಾಕು, ನಮ್ಮ ವಿಜ್ಞಾನ ಶಿಕ್ಷಕರು ಓದುತ್ತಾರೆ.

ಮೊದಲ ಶನಿವಾರ ಚೆನ್ನಾಗಿ ಆಗಲಿಲ್ಲ. ಮಳೆ ಜೋರಿತ್ತು, ನೆಟ್ ಮೂರು ಸಲ ಹೋಯಿತು. ಅದಕ್ಕಿಂತ ದೊಡ್ಡ ತಪ್ಪು ನನ್ನದು. ಮಕ್ಕಳು ತಡವರಿಸಬಾರದು ಅಂತ ನಾನೇ ಪ್ರಶ್ನೆಗಳ ಪಟ್ಟಿ ಮಾಡಿ ಕೊಟ್ಟಿದ್ದೆ. ದ್ಯುತಿಸಂಶ್ಲೇಷಣೆ ಎಂದರೇನು, ಜೀವಕೋಶದ ಭಾಗಗಳು ಯಾವುವು ಅಂತ ಒಬ್ಬೊಬ್ಬರೇ ಓದಿದರು. ವಿಜ್ಞಾನಿ ಸಮಾಧಾನವಾಗಿ ಉತ್ತರ ಹೇಳಿದರು. ಕೊನೆಗೆ, "ಇವೆಲ್ಲ ನಿಮ್ಮ ಪುಸ್ತಕದಲ್ಲೇ ಇವೆ ಮಕ್ಕಳೇ. ಮುಂದಿನ ವಾರ ನಿಮ್ಮ ಮನೆ ಹತ್ತಿರ ಕಂಡದ್ದನ್ನು ಕೇಳಿ" ಅಂದರು.

ಎರಡನೇ ವಾರ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. "ಮೋಡ ಕವಿದು ಮಂಜು ಬಿದ್ದರೆ ಆಲೂಗಡ್ಡೆಗೆ ಅಂಗಮಾರಿ ಬರುತ್ತೆ. ಬಿಸಿಲಿದ್ದಾಗ ಯಾಕೆ ಬರಲ್ಲ?" ಕೋಣೆಯಲ್ಲಿದ್ದ ಮಕ್ಕಳೆಲ್ಲ ತಲೆ ಎತ್ತಿದರು. ಹಾಸನದ ಮಕ್ಕಳಿಗೆ ಆಲೂಗಡ್ಡೆ ಅಂದರೆ ಬರೀ ತರಕಾರಿ ಅಲ್ಲವಲ್ಲ. ಆ ವರ್ಷದ ಫೀಸು, ಸಾಲ, ಹಬ್ಬದ ಬಟ್ಟೆ ಎಲ್ಲಾ ಅದರ ಮೇಲೇ ನಿಂತಿರುತ್ತೆ.

ಅವತ್ತು ಮುಕ್ಕಾಲು ಗಂಟೆಯೂ ಅದರಲ್ಲೇ ಹೋಯಿತು. ಅಂಗಮಾರಿ ತರುವ ಜೀವಿ ನೋಡಲು ಬೂಷ್ಟಿನ ಹಾಗೇ ಇರುತ್ತಂತೆ, ಆದರೆ ನಿಜವಾದ ಶಿಲೀಂಧ್ರ ಅಲ್ಲವಂತೆ. ಸಮುದ್ರದ ಕಂದು ಪಾಚಿಗೆ ಹತ್ತಿರದ ಸಂಬಂಧಿ. ಅದರ ಬೀಜಕಣಗಳಿಗೆ ಬಾಲದಂಥ ಎಳೆಗಳಿವೆ. ಎಲೆಯ ಮೇಲೆ ನೀರಿನ ತೆಳು ಪದರ ಇದ್ದರೆ ಸಾಕು, ಅದರಲ್ಲಿ ಈಜುತ್ತವೆ. ತಂಪಿದ್ದು ಎಲೆ ಒದ್ದೆಯಾಗಿದ್ದರೆ ಅವಕ್ಕೆ ಸುಗ್ಗಿ. ಬಿಸಿಲು ಬಂದು ಎಲೆ ಒಣಗಿದರೆ ಈಜಲು ಜಾಗವೇ ಇಲ್ಲ. ನಿಜವಾದ ಶಿಲೀಂಧ್ರ ಅಲ್ಲದ್ದರಿಂದಲೇ, ಬೇರೆ ಬೂಷ್ಟು ರೋಗಕ್ಕೆ ಹೊಡೆಯುವ ಕೆಲವು ಔಷಧಿ ಇದಕ್ಕೆ ತಾಗುವುದೇ ಇಲ್ಲ. 1845ರಲ್ಲಿ ಐರ್ಲೆಂಡಿನ ಬೆಳೆ ಕೊಳೆಸಿದ್ದೂ ಇದೇ ರೋಗ. ಮುಂದಿನ ಕೆಲವೇ ವರ್ಷಗಳಲ್ಲಿ ಅಲ್ಲಿ ಹಸಿವು, ಕಾಯಿಲೆಯಿಂದ ಸುಮಾರು ಹತ್ತು ಲಕ್ಷ ಜನ ಸತ್ತರು ಅಂತ ಕೇಳಿದಾಗ ಮಕ್ಕಳು ಸುಮ್ಮನಾಗಿಬಿಟ್ಟರು. ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ. ಇದರಲ್ಲಿ ಅರ್ಧ ನನಗೂ ಗೊತ್ತಿರಲಿಲ್ಲ.

ಮೂರನೇ ವಾರ ಒಬ್ಬ ಹುಡುಗ ಅವರಪ್ಪ ಹೇಳಿ ಕಳಿಸಿದ ಪ್ರಶ್ನೆ ತಂದಿದ್ದ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತಲ್ಲ, ರೋಗ ಗಡ್ಡೆ ಒಳಗೇ ಬರುತ್ತೋ ಇಲ್ಲಾ ಗಾಳಿಯಲ್ಲಿ ಬರುತ್ತೋ? ಎರಡೂ ಆಗಬಹುದು ಅಂತ ವಿಜ್ಞಾನಿ ಅಂದರು. ಹಾಗಾದರೆ ನಮ್ಮ ಹೊಲಕ್ಕೆ ಬಂದದ್ದು ಯಾವುದರಿಂದ ಅಂತ ಹುಡುಗ ಬಿಡಲಿಲ್ಲ. "ಅದು ನನಗೆ ಗೊತ್ತಿಲ್ಲಪ್ಪ. ಗೊತ್ತಾಗಬೇಕಾದರೆ ಮೊದಲು ಯಾವ ಗಿಡಕ್ಕೆ ಬಂತು, ಯಾವತ್ತು ಬಂತು ಅಂತ ಬರೆದಿಡಬೇಕು" ಅಂದರು. ಈಗ ಆ ಹುಡುಗ, ಅವನ ಜತೆ ಇನ್ನೂ ನಾಲ್ವರು, ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಮಳೆ ಬಂದ ದಿನ, ಮಂಜಿದ್ದ ದಿನ, ಮೊದಲ ಮಚ್ಚೆ ಕಂಡ ಸಾಲು, ಎಲ್ಲಾ ಬರೆಯುತ್ತಿದ್ದಾರೆ. ಪಾಠದ ನೋಟ್ಸ್ ಬರೆಯಲು ಸತಾಯಿಸುತ್ತಿದ್ದ ಮಕ್ಕಳು ಇವರು.

ಆದ್ದರಿಂದ ನಿಮ್ಮಲ್ಲಿ ನನ್ನ ಮುಖ್ಯ ಬೇಡಿಕೆ ಇದು. ಮಗು ಸಂಜೆ ಬಂದು ಹೊಲದ ಬಗ್ಗೆ, ದನದ ಬಗ್ಗೆ, ಅಡುಗೆಮನೆ ಬಗ್ಗೆ ಏನಾದರೂ ಕೇಳಿದರೆ "ಸುಮ್ನೆ ಓದ್ಕೋ ಹೋಗು" ಅನ್ನಬೇಡಿ. ನಿಮಗೆ ಗೊತ್ತಿದ್ದಷ್ಟು ಹೇಳಿ. ಗೊತ್ತಿಲ್ಲದ್ದನ್ನು ಚೀಟಿಯಲ್ಲಿ ಬರೆಸಿ ಕಳಿಸಿ. ಮಕ್ಕಳು ತಂದ ಒಳ್ಳೆಯ ಪ್ರಶ್ನೆಗಳೆಲ್ಲ ನಿಮ್ಮ ಮನೆಯಿಂದಲೇ ಬಂದಿವೆ.

ಎಸ್ಸೆಸ್ಸೆಲ್ಸಿ ಹತ್ತಿರ ಬರ್ತಿದೆ, ಇದರಿಂದ ಮಾರ್ಕ್ಸ್ ಜಾಸ್ತಿ ಆಗುತ್ತಾ ಅಂತ ಒಬ್ಬ ತಾಯಿ ಕೇಳಿದರು. ಆಗುತ್ತೆ ಅಂತ ಮಾತು ಕೊಡಲಾರೆ. ಪಾಠದ ಅವಧಿಯನ್ನಂತೂ ಇದಕ್ಕೆ ಮುಟ್ಟುತ್ತಿಲ್ಲ.

ಇನ್ನು ಸುರಕ್ಷತೆ ವಿಷಯ. ಇದಕ್ಕಾಗಿ ಯಾರೂ ಮಗುವಿಗೆ ಮೊಬೈಲ್ ಕೊಡಿಸಬೇಕಿಲ್ಲ. ಕಾಲ್ ಶಾಲೆಯ ಕಂಪ್ಯೂಟರಿನಿಂದ ಮಾತ್ರ. ಇಬ್ಬರು ಶಿಕ್ಷಕರು ಕೋಣೆಯಲ್ಲೇ ಇರುತ್ತೇವೆ. ಮಕ್ಕಳ ಪೂರ್ತಿ ಹೆಸರು, ಊರು, ಫೋನ್ ನಂಬರ್ ಯಾವುದನ್ನೂ ಹೇಳಲು ಬಿಡುವುದಿಲ್ಲ. ವಿಜ್ಞಾನಿಗಳ ನಂಬರನ್ನೂ ಮಕ್ಕಳಿಗೆ ಕೊಡುವುದಿಲ್ಲ. ಯಾರೇ ಆಗಲಿ ನಿಮ್ಮ ಮಗುವಿಗೆ ಬೇರೆಯಾಗಿ ಮೆಸೇಜ್ ಮಾಡಿದರೆ ಅವತ್ತೇ ನನಗೆ ತಿಳಿಸಿ. ರೆಕಾರ್ಡ್ ಮಾಡುತ್ತಿಲ್ಲ. ನೀವು ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು. ಬಂದರೆ ನನಗೆ ಸಂತೋಷ. ಬಸ್ಸಿಗೆ ಹೋಗುವ ಹೆಣ್ಣುಮಕ್ಕಳನ್ನು ಸ್ಟಾಪಿನವರೆಗೆ ನಮ್ಮ ಶಿಕ್ಷಕಿಯರೇ ಬಿಟ್ಟು ಬರುತ್ತಾರೆ.

ಈ ಶನಿವಾರ ಉಪಗ್ರಹಗಳ ಮೇಲೆ ಕೆಲಸ ಮಾಡುವ ಒಬ್ಬರು ಮಾತಿಗೆ ಸಿಗುತ್ತಾರೆ. ಸಾಲಗಾಮೆ ರಸ್ತೆಯ ಎಂಸಿಎಫ್‌ನಲ್ಲಿ, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರದಲ್ಲಿ, ಇಸ್ರೋದ ಕೆಲಸ 1982ರಿಂದ ನಡೆಯುತ್ತಿದೆ. ಅಲ್ಲಿನ ದೊಡ್ಡ ಡಿಶ್‌ಗಳನ್ನು ನಮ್ಮ ಮಕ್ಕಳು ಬಸ್ಸಿನಿಂದ ನೋಡಿದ್ದಾರೆ, ಒಳಗೆ ಏನು ನಡೆಯುತ್ತೆ ಅಂತ ಕೇಳಿದವರು ಕಡಿಮೆ. ಈಗಾಗಲೇ ಒಂದು ಚೀಟಿ ಬಂದಿದೆ: "ನಮ್ಮ ಮನೆ ಮೇಲಿನ ಟಿವಿ ಡಿಶ್ ಯಾವಾಗಲೂ ಒಂದೇ ಕಡೆ ಯಾಕೆ ನೋಡುತ್ತೆ?" ಸುಮಾರು 36,000 ಕಿಲೋಮೀಟರ್ ಮೇಲಿರುವ ಆ ಉಪಗ್ರಹ ಭೂಮಿ ತಿರುಗುವ ವೇಗಕ್ಕೇ ಸುತ್ತುತ್ತದೆ, ಅದಕ್ಕೇ ನಮ್ಮ ಕಣ್ಣಿಗೆ ನಿಂತಲ್ಲೇ ನಿಂತ ಹಾಗೆ. ನಾನು ಇಷ್ಟು ಹೇಳಬಲ್ಲೆ. ಅದು ಜಾಗ ಬಿಟ್ಟು ಸರಿದರೆ ಇಲ್ಲಿ ಕೂತು ಹೇಗೆ ಎಳೆದು ತರುತ್ತಾರೆ ಅನ್ನುವುದನ್ನು ಆ ಕೆಲಸ ಮಾಡುವವರ ಬಾಯಲ್ಲೇ ಮಕ್ಕಳು ಕೇಳಲಿ.

ಜತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿ. ಮಗು ಬೇಗ ಮನೆಗೆ ಬರಲೇಬೇಕಾದ ಕೆಲಸವಿದ್ದರೆ ಅದನ್ನೂ ಬರೆಯಿರಿ, ಬಲವಂತ ಇಲ್ಲ.

ಆಲೂಗಡ್ಡೆ ಹಾಕಿರುವವರಿಗೆ ಒಂದು ಮಾತು. ಗಿಡರೋಗದ ಮೇಡಂ ಅದರ ಮುಂದಿನ ಶನಿವಾರ ಮತ್ತೆ ಬರುತ್ತಾರೆ. ಮಚ್ಚೆ ಬಿದ್ದ ಎಲೆ ಶಾಲೆಗೆ ಕಳಿಸಬೇಡಿ, ರೋಗ ಬೇರೆಯವರ ಹೊಲಕ್ಕೆ ಹೋದೀತು. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಎಲೆಯ ಮೇಲಿನದೊಂದು, ಕೆಳಗಿನದೊಂದು ಫೋಟೊ ತೆಗೆದು ನಮ್ಮ ವಿಜ್ಞಾನ ಶಿಕ್ಷಕರ ಮೊಬೈಲಿಗೆ ಹಾಕಿ. ಮಚ್ಚೆ ಅಂಚಿನ ಬಿಳಿ ನವಿರು ಆ ಹೊತ್ತಿನಲ್ಲಿ ಎಲೆಯ ಕೆಳಗೆ ಚೆನ್ನಾಗಿ ಕಾಣುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ, ಹಾಸನ ತಾಲ್ಲೂಕು